ಎರಡು ಚುಕ್ಕಿ, ಒಂದು ಓರೆ ಗೀಟು

ಹಲ್ಲಿನ ಡಾಕ್ಟರು ಮದುವೆ ಮನೆಗೆ ಹೋದರೂ ಯಾರಾದರೊಬ್ಬರು ಬಂದು ಬಾಯಿ ತೆರೆದು ತೋರಿಸುತ್ತಾರಂತೆ. ನನ್ನ ಕೆಲಸ ಅದಕ್ಕೆ ಉಲ್ಟಾ. ನಾನು ಹೋದಲ್ಲೆಲ್ಲ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ, ಜೊತೆಗೆ ಲ್ಯಾಪ್‌ಟಾಪನ್ನೂ ಮುಚ್ಚುತ್ತಾರೆ. ಹೀಗಾಗಿ ನನ್ನ ಪಾಲಿಗೆ ತಮಾಷೆ ಪ್ರಸಂಗಗಳಿಗೇನೂ ಬರ ಇಲ್ಲ. ನಡೆದಾಗ ಪಕ್ಕದಲ್ಲಿ ನಗುವವರು ಇರುವುದಿಲ್ಲ, ಅಷ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ಕಂಪನಿಗಳ ಸಾಫ್ಟ್‌ವೇರಿನಲ್ಲಿ ತೂತು ಹುಡುಕುವುದು ನನ್ನ ಕೆಲಸ. ಈಗ ಯಾರೂ ಸಾಫ್ಟ್‌ವೇರನ್ನು ಪೂರ್ತಿಯಾಗಿ ತಾವೇ ಬರೆಯುವುದಿಲ್ಲ. ಸಾರಿನ ಪುಡಿಯನ್ನು ಅಂಗಡಿಯಿಂದ ತಂದ ಹಾಗೆ, ಯಾರೋ ಎಲ್ಲೋ ಬರೆದಿಟ್ಟ ತುಣುಕುಗಳನ್ನು ಪೊಟ್ಟಣ ಪೊಟ್ಟಣವಾಗಿ ತರಿಸಿಕೊಳ್ಳುತ್ತಾರೆ. ತರಿಸೋಕೆಂದೇ ಒಂದು ಸಲಕರಣೆ ಇರುತ್ತದೆ. ಅದು ಪೊಟ್ಟಣ ತಂದು, ಬಿಚ್ಚಿ, ಅದಕ್ಕೆಂದು ಮೀಸಲಿಟ್ಟ ಫೋಲ್ಡರಿನೊಳಗೆ ಜೋಡಿಸಬೇಕು. ಯಾವ ಫೈಲು ಎಲ್ಲಿ ಕೂರಬೇಕು ಅಂತ ಪೊಟ್ಟಣದ ಒಳಗೇ ಒಂದು ಚೀಟಿ. ಆ ಚೀಟಿಯಲ್ಲಿ ಎರಡು ಚುಕ್ಕಿ, ಒಂದು ಓರೆ ಗೀಟು ಬರೆದಿದ್ದರೆ ಕಂಪ್ಯೂಟರಿಗೆ ಅದರ ಅರ್ಥ ‘ಒಂದು ಮಹಡಿ ಮೇಲೆ ಹತ್ತು’. ಎರಡು ಸಲ ಬರೆದಿದ್ದರೆ ಎರಡು ಮಹಡಿ. ಸಲಕರಣೆಯೇನಾದರೂ ಚೀಟಿಯನ್ನು ಕಣ್ಣುಮುಚ್ಚಿ ನಂಬಿದರೆ, ಮೂಲೆಯಲ್ಲಿ ಕೂರಬೇಕಾದ ಪೊಟ್ಟಣ ಮೇಲೆ ಹತ್ತಿ, ಆಚೆ ಕಡೆ ಇಳಿದು, ಮನೆ ಯಜಮಾನನ ಬೀಗವನ್ನೇ ಬದಲಾಯಿಸಿ ಬರಬಹುದು. ಈ ಕಡೆಯ ಸಣ್ಣ ಕಂಪನಿಗಳು ಬಳಸುವ ಒಂದು ಸಲಕರಣೆಯಲ್ಲಿ ಈ ತೂತು ನನಗೆ ಸಿಕ್ಕಿತು. ಅದರ ಹೆಸರು ಬೇಡ.

ನಾನು ಗದಗಿನ ಕಡೆಯವನು, ವಯಸ್ಸು ಐವತ್ತು. ಮೂರು ವರ್ಷದ ಹಿಂದೆ ಹೆಂಡತಿ ತೀರಿಕೊಂಡಳು. ಆಮೇಲೆ ಪುಣೆಯ ಹೆಡ್ ಆಫೀಸಿನಲ್ಲಿ ಎಲ್ಲರೂ ನನ್ನನ್ನು ಕಂಡರೆ ದನಿ ತಗ್ಗಿಸಿ ಮಾತಾಡತೊಡಗಿದರು. ಅದನ್ನು ತಡೆಯಲಾರದೆ, ಗುರುತಿನವರು ಯಾರೂ ಇಲ್ಲದ ಊರಿಗೆ ಹಾಕಿ ಅಂತ ನಾನೇ ಕೇಳಿಕೊಂಡೆ. ಅಹಮದಾಬಾದಿಗೆ ಹಾಕಿದರು, ವಡೋದರಾ ಮತ್ತು ಸೂರತ್ತನ್ನೂ ಸುತ್ತಾಟಕ್ಕೆ ಸೇರಿಸಿದರು. ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತು. ಇಲ್ಲಿ ದನಿ ತಗ್ಗಿಸುವವರೂ ಇಲ್ಲ, ಏರಿಸುವವರೂ ಇಲ್ಲ. ಎರಡು ವರ್ಷದಲ್ಲಿ ಒಬ್ಬರ ಮನೆಯಲ್ಲೂ ಕೂತು ಉಂಡಿರಲಿಲ್ಲ.

ಈ ಚಳಿಗಾಲದಲ್ಲಿ ಹೆಡ್ ಆಫೀಸಿನಿಂದ ಪತ್ರ ಬಂತು. ಇನ್ನೂ ಮೂರು ವರ್ಷ ಗುಜರಾತಿನಲ್ಲೇ ಇರುತ್ತೀರೋ, ವಾಪಸ್ ಬರುತ್ತೀರೋ, ಸಂಕ್ರಾಂತಿಯ ಮರುದಿನದೊಳಗೆ ತಿಳಿಸಿ ಅಂತ. ಅಕ್ಕನಿಗೆ ಫೋನಿನಲ್ಲಿ ಹೇಳಿದೆ. "ಅಲ್ಲೆ ನಿನಗ ಯಾರ್ ಅದಾರಪಾ? ಸುಮ್ಮನ ಹೊಳ್ಳಿ ಬಂದುಬಿಡು," ಅಂದಳು. ನಿಜವಾಗಿ ಯಾರಿದ್ದಾರೆ ಅಂತ ಯೋಚಿಸುತ್ತ ಕೂತೆ. ಆಗ ನೆನಪಾದವು ಇವು. ಕೊನೆಯವೆರಡು ಮಾತ್ರ ಆಮೇಲೆ ನಡೆದವು.

೧. ಕರೆಯದೆ ಬಂದ ಪೊಟ್ಟಣ

ವಡೋದರಾದ ಮಕರಪುರದಲ್ಲಿ ಒಂದು ಕಾರ್ಖಾನೆ, ವಿದ್ಯುತ್ ಪ್ಯಾನೆಲ್ ಮಾಡುತ್ತಾರೆ. ಮಾಲೀಕರು ಎಪ್ಪತ್ತರ ಹತ್ತಿರದವರು, ಎಲ್ಲರ ಬಾಯಲ್ಲೂ ಕಾಕಾ. ಅವರ ಸಾಫ್ಟ್‌ವೇರ್ ಎಂಜಿನಿಯರುಗಳಿಬ್ಬರು "ಏನೂ ಆಗಲ್ಲ ಸಾಹೇಬ್, ಚಾ ಕುಡೀರಿ," ಅಂತ ಎರಡು ತಿಂಗಳಿಂದ ನನ್ನನ್ನು ಸಾಗಹಾಕುತ್ತಿದ್ದರು. ಕೊನೆಗೆ ಕಾಕಾರ ಒಪ್ಪಿಗೆ ಪಡೆದು, ಅವರ ಮೇಜಿನ ಕಂಪ್ಯೂಟರಿನಲ್ಲೇ ಪರೀಕ್ಷೆಯ ಪೊಟ್ಟಣವೊಂದನ್ನು ಇಳಿಸಿದೆ. ಅದರ ಚೀಟಿಯಲ್ಲಿ ಐದು ಸಲ ‘ಮೇಲೆ ಹತ್ತು’ ಅಂತ ಬರೆದಿದ್ದೆ. ಎಲ್ಲೋ ಆಳದ ಫೋಲ್ಡರಿನಲ್ಲಿ ಕೂರಬೇಕಿದ್ದ ಫೈಲು ಕಾಕಾರ ಕಣ್ಣೆದುರಿನ ಪರದೆಯ ನಟ್ಟನಡುವೆ ಬಂದು ಕೂತಿತು. ತೆರೆದು ನೋಡಿದರೆ ಒಳಗೆ ಒಂದೇ ಸಾಲು: ‘ನಾನು ಇಲ್ಲಿಗೆ ಬರಬಾರದಿತ್ತು.’

ಕಾಕಾ ಅದನ್ನು ಗಟ್ಟಿಯಾಗಿ ಓದಿ ಕನ್ನಡಕ ತೆಗೆದರು. "ಯಾರೂ ಹೇಳಿಲ್ಲ, ತಾನಾಗಿಯೇ ಬಂತಾ?"

"ತಾನಾಗಿಯೇ ಬಂತು."

"ಇಷ್ಟು ಮೇಲಕ್ಕಾ?"

"ಐದು ಮಹಡಿ."

ಅವರ ಮುಖ ಗಂಭೀರವಾಯಿತು. ಅಂತೂ ನಾಟಿತು ಅಂದುಕೊಂಡೆ. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಅಲ್ಲಿ ಊಟ ಅಂದರೆ ಕಾಕಾರಿಂದ ಹಿಡಿದು ವೆಲ್ಡಿಂಗ್ ಮಾಡುವವರ ತನಕ ಎಲ್ಲರೂ ಸುತ್ತ ಕೂತು, ಡಬ್ಬಿ ಬಿಚ್ಚಿ, ಒಬ್ಬರ ಥೇಪ್ಲಾ ಇನ್ನೊಬ್ಬರ ತಟ್ಟೆಗೆ ಹಾಕುವುದು. ನನಗೆ ಮಾತ್ರ ಮೀಟಿಂಗ್ ರೂಮಿನಲ್ಲಿ ಹೋಟೆಲಿನ ಥಾಲಿ ತರಿಸಿ, ಎ.ಸಿ. ಹಾಕಿ, ಬಾಗಿಲು ಎಳೆದುಕೊಂಡು ಹೋದರು. ತಪಾಸಣೆಗೆ ಬಂದ ಸಾಹೇಬರಿಗೆ ತೊಂದರೆ ಆಗಬಾರದಲ್ಲ. ಗಾಜಿನ ಆಚೆ ಅವರು ನಗುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಒಳ್ಳೆಯ ಥಾಲಿ. ಅರ್ಧ ಬಿಟ್ಟೆ.

ಊಟವಾದ ಮೇಲೆ ಕಾಕಾ ನನ್ನನ್ನು ಕರೆಸಿದರು. ಕೋಣೆಯಲ್ಲಿ ಹತ್ತು ಹನ್ನೆರಡು ಜನ ತುಂಬಿದ್ದರು. "ಇನ್ನೊಂದು ಸಲ ತೋರಿಸಿ." ತೋರಿಸಿದೆ. "ಇನ್ನೊಂದು ಸಲ." ಮೂರನೇ ಸಲಕ್ಕೆ ಚಪ್ಪಾಳೆಯೇ ಬಿತ್ತು. ಕಾಕಾ ಎದ್ದು ನಿಂತು, ಸರಕು ಕಳಿಸುವ ವಿಭಾಗದವನ ಕಡೆ ಬೆರಳು ಮಾಡಿದರು. "ನೋಡಿ ಕಲಿ. ನಮ್ಮ ಕೊರಿಯರಿನವನು ಗೇಟಿನಲ್ಲೇ ಎಸೆದು ಹೋಗ್ತಾನೆ, ನಾಲ್ಕು ಫೋನ್ ಮಾಡಿದರೂ ಮೇಲೆ ಹತ್ತಲ್ಲ. ಇದು ಕರೆಯದೆ ಐದು ಮಹಡಿ ಹತ್ತಿ ನನ್ನ ಮೇಜಿಗೇ ಬಂದಿದೆ!" ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಇದನ್ನು ಯಾಕೆ ಸಾಹೇಬ್ ಮುಚ್ಚಿಸ್ತೀರಿ?"

೨. ಚುಕ್ಕಿಗಳ ವಾರ

ಸೂರತ್ತಿನ ಸಚಿನ್‌ನಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಕಾರ್ಖಾನೆ. ಅಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುವ ಮೇಡಂ ಚುರುಕಿನವರು. ನಾನು ತೂತು ತೋರಿಸಿದ ಮರುದಿನವೇ "ಮುಚ್ಚಿದ್ದೇನೆ ಸರ್," ಅಂತ ಮೇಲ್ ಕಳಿಸಿದರು. ಅವರು ಮಾಡಿದ್ದು ಇಷ್ಟು: ಚೀಟಿಯಲ್ಲಿ ಎಲ್ಲೇ ಎರಡು ಚುಕ್ಕಿ, ಒಂದು ಗೀಟು ಕಂಡರೂ ಅದನ್ನು ಅಳಿಸಿಬಿಡುವುದು.

ನಾನು ನಾಲ್ಕು ಚುಕ್ಕಿ, ಎರಡು ಗೀಟು ಬರೆದು ಕಳಿಸಿದೆ. ಅವರ ಸಾಫ್ಟ್‌ವೇರು ನಡುವಿನ ಎರಡು ಚುಕ್ಕಿ, ಒಂದು ಗೀಟನ್ನು ನಿಯತ್ತಾಗಿ ಅಳಿಸಿತು. ಆ ಪಕ್ಕ, ಈ ಪಕ್ಕ ಉಳಿದದ್ದು ಕೂಡಿಕೊಂಡರೆ ಮತ್ತೆ ಎರಡು ಚುಕ್ಕಿ, ಒಂದು ಗೀಟು! ಪೊಟ್ಟಣ ಆರಾಮಾಗಿ ಮೇಲೆ ಹತ್ತಿತು.

ಮರುದಿನ ಮೇಲ್: "ಎರಡು ಸಲ ಅಳಿಸುವ ಹಾಗೆ ಮಾಡಿದ್ದೇನೆ ಸರ್. ಈಗ?" ಆರು ಚುಕ್ಕಿ, ಮೂರು ಗೀಟು ಕಳಿಸಿದೆ. ಅದರ ಮರುದಿನ: "ಮೂರು ಸಲ. ಈಗ?" ಎಂಟು ಚುಕ್ಕಿ ಕಳಿಸಿದೆ. ಈರುಳ್ಳಿ ಸುಲಿದ ಹಾಗೆ, ಸುಲಿದಷ್ಟೂ ಒಳಗಿನಿಂದ ಅದೇ ಬರುತ್ತಿತ್ತು.

ಇಲ್ಲಿ ಒಂದು ತಪ್ಪು ಒಪ್ಪಿಕೊಳ್ಳಬೇಕು. ಸರಿಯಾದ ಉಪಾಯ ನನಗೆ ಮೊದಲ ದಿನವೇ ಗೊತ್ತಿತ್ತು. ಚೀಟಿಯನ್ನು ತಿದ್ದುತ್ತ ಕೂರಬಾರದು. ಚೀಟಿ ಹೇಳಿದ ದಾರಿ ಕೊನೆಗೆ ಎಲ್ಲಿಗೆ ಮುಟ್ಟುತ್ತದೆ ಅಂತ ನೋಡಬೇಕು. ಮೀಸಲು ಫೋಲ್ಡರಿನ ಹೊರಗೆ ಮುಟ್ಟಿದರೆ ಪೊಟ್ಟಣವನ್ನೇ ಬಿಸಾಡಬೇಕು. ಎರಡು ಸಾಲಿನ ಕೆಲಸ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಫೋನಿನಲ್ಲಿ "ಈಗ?" ಅಂತ ಒಬ್ಬರು ಕೇಳುತ್ತಿದ್ದರಲ್ಲ, ಅದು ನಿಂತುಹೋಗುತ್ತದೆ ಅಂತ ನಾನು ಸುಮ್ಮನಿದ್ದೆ. ವಾರವಿಡೀ ಚುಕ್ಕಿ ಏರಿಸುತ್ತ ಹೋದೆ. ಹದಿನಾಲ್ಕು ಚುಕ್ಕಿಯ ದಿನ ಅವರೇ ಫೋನ್ ಮಾಡಿದರು.

"ಸರ್, ಹದಿನಾಲ್ಕು ಚುಕ್ಕಿ ಯಾರು ಬರೀತಾರೆ?"

"ಕಳ್ಳರು ಬರೀತಾರೆ ಮೇಡಂ."

"ಕಳ್ಳರಿಗೂ ಮನೆಮಠ ಇರುತ್ತೆ ಸರ್. ನಿಮಗೆ ಮನೇಲಿ ಮಾತಾಡೋಕೆ ಯಾರೂ ಇಲ್ವಾ?"

೩. ಹೊರಗಿನ ಹಿಟ್ಟು

ಅವತ್ತೇ ಸಂಜೆ ಸೂರತ್ತಿಗೆ ಹೋಗಿ, ಆ ಮೇಡಂ ಎದುರು ಕೂತು ಎರಡು ಸಾಲು ಬರೆದುಕೊಟ್ಟು, ಕ್ಷಮೆ ಕೇಳಿ ಬಂದೆ. ಮನಸ್ಸು ಪಿಚ್ಚೆನ್ನುತ್ತಿತ್ತು. ಅಡಾಜಣ್‌ನಲ್ಲಿ ಕುಂದಾಪುರದ ಕಡೆಯವರೊಬ್ಬರ ಹೋಟೆಲು ಇದೆ. ಸೂರತ್ತಿಗೆ ಹೋದಾಗ ಒಂದು ಮಸಾಲೆ ದೋಸೆ, ನಾಲ್ಕು ಕನ್ನಡ ಮಾತು ಅಂತ ಅಲ್ಲಿಗೆ ಹೋಗುವುದು ರೂಢಿ. ಗಲ್ಲಾದಲ್ಲಿ ಯಜಮಾನರು ಬಿಡುವಾಗಿದ್ದರು.

"ನಿಮ್ಮದು ಎಂತ ಕೆಲಸ ಮಾರಾಯ್ರೆ? ಎರಡು ವರ್ಷದಿಂದ ಬರ್ತಿದ್ರಿ, ಕೇಳ್ಲೇ ಇಲ್ಲ ಕಾಣಿ."

ದೋಸೆ ಹಿಟ್ಟನ್ನೇ ಇಟ್ಟುಕೊಂಡು ವಿವರಿಸಿದೆ. ಹೊರಗಿನಿಂದ ಹಿಟ್ಟಿನ ಪ್ಯಾಕೆಟ್ ತರಿಸಿದಿರಿ ಅನ್ನಿ. ಅದು ಫ್ರಿಜ್ಜಿನಲ್ಲಿ ಕೂರುವ ಬದಲು ತಾನಾಗಿ ಎದ್ದು ಗಲ್ಲಾದ ತನಕ ಬಂದರೆ? ಯಜಮಾನರು ತಲೆದೂಗಿ ಕೇಳಿದರು. ಇಡೀ ಗುಜರಾತಿನಲ್ಲಿ ನನ್ನ ಮಾತನ್ನು ಪೂರ್ತಿ ಕೇಳಿದವರು ಅವರೊಬ್ಬರೇ.

"ಅದ್ಕೇ ನಾವು ಹೊರಗಿನ ಹಿಟ್ಟು ತರೂದೇ ಇಲ್ಲ," ಅಂದರು. ಆಮೇಲೆ ದನಿ ಇಳಿಸಿ, ಅಡುಗೆಮನೆಯ ಕಡೆ ಕಣ್ಣು ತೋರಿಸಿದರು. "ನಮ್ಮಲ್ಲಿ ಹೇಳದೆ ಕೇಳದೆ ಎಲ್ಲಾ ಕಡೆ ನುಗ್ಗೂದು ಒಂದೇ. ನನ್ನ ಹೆಂಡ್ತಿಯ ತಮ್ಮ. ಅವನನ್ನ ಒಂದೇ ಫೋಲ್ಡರಲ್ಲಿ ಕೂರ್ಸೂಕೆ ಎಂತಾದ್ರೂ ಉಂಟಾ ನಿಮ್ಮ ಹತ್ರ?"

೪. ತಿಂಗಳಿಗೊಮ್ಮೆ ಬರುವ ನೆಂಟ

ಸಲಕರಣೆಯನ್ನು ಮಾಡಿದವರಿಗೂ ನಾನು ದೂರು ಬರೆದಿದ್ದೆ. ಅವರ ದೂರುಪೆಟ್ಟಿಗೆಯನ್ನು ನೋಡಿಕೊಳ್ಳುವುದು ಒಂದು ರೋಬೋ. ಮೂವತ್ತು ದಿನ ಯಾರೂ ಏನೂ ಬರೆಯದಿದ್ದರೆ ಅದು ಬಂದು ಹೀಗೆ ಹಾಕುತ್ತದೆ: ‘ಮೂವತ್ತು ದಿನಗಳಿಂದ ಇಲ್ಲಿ ಯಾವ ಚಟುವಟಿಕೆಯೂ ಇಲ್ಲ. ಇದನ್ನು ಇನ್ನೂ ಇಟ್ಟುಕೊಳ್ಳಬೇಕೇ?’ ಉತ್ತರ ಬರೆಯದಿದ್ದರೆ ದೂರು ವಜಾ.

ಮೊದಲ ತಿಂಗಳು ‘ಹೌದು, ಬೇಕು’ ಅಂತ ಬರೆದೆ. ‘ನಿಮ್ಮ ಆಸಕ್ತಿಗೆ ಧನ್ಯವಾದ’ ಅಂದಿತು. ಎರಡನೇ ತಿಂಗಳು ‘ನಮಸ್ಕಾರ. ಹೌದು, ಬೇಕು’. ಮೂರನೇ ತಿಂಗಳು ‘ನಮಸ್ಕಾರ. ಬೇಕು. ಇಲ್ಲಿ ಬಿಸಿಲು ವಿಪರೀತ, ನಿಂಬೆ ಶರಬತ್ತಿನಲ್ಲಿ ಬದುಕಿದ್ದೇನೆ’. ‘ನಿಮ್ಮ ಆಸಕ್ತಿಗೆ ಧನ್ಯವಾದ.’ ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆಯಿಲ್ಲ, ಹೇಳಿದ ದಿನಕ್ಕೆ ಬರುತ್ತಿತ್ತು. ಸ್ವಂತ ನೆಂಟರೂ ಹಾಗೆ ಬರುವುದಿಲ್ಲ.

ನನಗೆ ಐವತ್ತು ತುಂಬಿದ ದಿನ ಬೆಳಿಗ್ಗೆ ಫೋನು ಸದ್ದು ಮಾಡಿತು. ಅಕ್ಕನೇ ಇರಬೇಕು ಅಂತ ಓಡಿ ಬಂದು ನೋಡಿದರೆ, ಮೂವತ್ತು ದಿನಗಳಿಂದ ಇಲ್ಲಿ ಯಾವ ಚಟುವಟಿಕೆಯೂ ಇಲ್ಲ, ಇದನ್ನು ಇನ್ನೂ ಇಟ್ಟುಕೊಳ್ಳಬೇಕೇ? ಐವತ್ತು ವರ್ಷದ ಮನುಷ್ಯ ಹುಟ್ಟುಹಬ್ಬದ ದಿನ ಓದುವ ಮಾತಲ್ಲ ಅದು. ಹಲ್ಲುಜ್ಜುತ್ತ ಬಹಳ ಹೊತ್ತು ಕನ್ನಡಿ ನೋಡಿದೆ. ಆಮೇಲೆ ಹೌದು ಅಂತ ಬರೆದೆ.

ಕೊನೆಗೊಂದು ದಿನ ಸಲಕರಣೆ ಮಾಡಿದ ಮನುಷ್ಯನೇ ಬರೆದ. ಅವನೂ ಒಬ್ಬನೇ, ಬಿಡುವಿನಲ್ಲಿ ಪುಕ್ಕಟೆ ನೋಡಿಕೊಳ್ಳುತ್ತಿದ್ದನಂತೆ. ‘ಕ್ಷಮಿಸಿ, ಈಗ ಕಂಡಿತು. ತೂತು ಮುಚ್ಚಿದ್ದೇನೆ. ಬಿಸಿಲು ಕಡಿಮೆಯಾಯಿತೇ?’ ಅಂತ ಕೇಳಿ, ದೂರು ಮುಗಿಯಿತು ಅಂತ ಗುರುತು ಹಾಕಿದ. ದೂರೇ ಇಲ್ಲ ಅಂದ ಮೇಲೆ ರೋಬೋ ಯಾಕೆ ಬರುತ್ತದೆ? ಹೀಗೆ ನನ್ನ ಕರ್ತವ್ಯನಿಷ್ಠೆಯಿಂದಾಗಿ, ಬರುತ್ತಿದ್ದ ಒಬ್ಬ ನೆಂಟನನ್ನೂ ಕಳೆದುಕೊಂಡೆ.

೫. ಅತಿಥಿಗಳ ಕಾಟ

ಅಹಮದಾಬಾದಿನಲ್ಲಿ ನಾನಿರುವುದು ಒಂದು ಅಪಾರ್ಟ್‌ಮೆಂಟಿನ ಐದನೇ ಮಹಡಿ, ಮನೆ ನಂಬರು ೫೦೪. ಡಿಸೆಂಬರಿನಲ್ಲಿ ನಿವಾಸಿಗಳ ಸಭೆ ಇತ್ತು. ಸೆಕ್ರೆಟರಿಯವರು ನಿವೃತ್ತ ಹೆಡ್ ಮಾಸ್ಟರು. ನನ್ನ ಕಡೆ ನೋಡಿ ಗಂಟಲು ಸರಿಮಾಡಿಕೊಂಡರು.

"ಐನೂರನಾಲ್ಕರವರು ಬೇಜಾರು ಮಾಡಿಕೊಳ್ಳಬಾರದು. ನಿಮ್ಮ ಮನೆಗೆ ಅತಿಥಿಗಳು ವಿಪರೀತ ಆಯಿತು. ಲಿಫ್ಟು ಎಲ್ಲರದ್ದು."

ಯಾರದೋ ಮನೆ ನಂಬರು ತಪ್ಪಾಗಿರಬೇಕು ಅಂತ ನಕ್ಕೆ. ಅವರು ಗೇಟಿನ ರಿಜಿಸ್ಟರು ತೆಗೆದು ನನ್ನ ಮುಂದಿಟ್ಟರು. ಪುಟ ತಿರುಗಿಸಿದಷ್ಟೂ ೫೦೪. ಬೆಳಿಗ್ಗೆ ೫೦೪, ಮಧ್ಯಾಹ್ನ ೫೦೪, ನಾನು ಸೂರತ್ತಿನಲ್ಲಿದ್ದ ದಿನವೂ ೫೦೪. ಹೆಸರುಗಳ ಮೇಲೆ ಬೆರಳಿಟ್ಟು ಓದಿದೆ. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಎದೆ ಅರಳಿತು. ನಾನಿಲ್ಲದಾಗ ಇಷ್ಟೊಂದು ಜನ ನನ್ನನ್ನು ಹುಡುಕಿಕೊಂಡು ಬಂದಿದ್ದರೇ!

ಗೇಟಿನ ಕಾವಲುಗಾರನನ್ನು ಕರೆಸಿದರು. ಪಾಪ, ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಯಾರೇ ಬಂದರೂ ಅವರು ಬರೆದ ಮನೆಗೆ ಇಂಟರ್‌ಕಾಮಿನಲ್ಲಿ ಕೇಳಬೇಕು. ಮನೆಯವರು ಬೇಡ ಅಂದರೆ ವಾಪಸ್ ಕಳಿಸಬೇಕು. ಯಾರೂ ಎತ್ತದಿದ್ದರೆ "ಹೋಗಿ ಬಾಗಿಲು ಬಡಿದು ನೋಡಿ," ಅಂತ ಬಿಡುತ್ತಾನೆ. ಐನೂರನಾಲ್ಕರಲ್ಲಿ ಹಗಲು ಹೊತ್ತು ಯಾರೂ ಎತ್ತುವುದಿಲ್ಲ ಅನ್ನುವುದು ಸುತ್ತಮುತ್ತಲಿನ ಚಾಪೆ ಮಾರುವವರು, ಚಾಕು ಸಾಣೆ ಹಿಡಿಯುವವರು, ವಿಮೆಯವರು ಎಲ್ಲರಿಗೂ ಗೊತ್ತಾಗಿದೆ. ೫೦೪ ಅಂತ ಬರೆಯುವುದು, ಒಳಗೆ ಬಂದ ಮೇಲೆ ಬೇಕಾದ ಮಹಡಿಗೆ ಹೋಗುವುದು.

ಬೇರೆಯವರಾಗಿದ್ದರೆ ನಾಚಿಕೆಪಡುತ್ತಿದ್ದರು. ನನಗೆ ಮೈಯೆಲ್ಲ ಉತ್ಸಾಹ. ಎದ್ದು ನಿಂತು ಹೇಳಿದೆ: "ನಾನು ಕಂಪನಿಗಳಲ್ಲಿ ಹುಡುಕುವ ತೂತು ಇದೇ! ಕಾವಲುಗಾರ ಚೀಟಿ ಓದುತ್ತಾನೆ, ಕಾಲು ಎಲ್ಲಿಗೆ ಹೋಯಿತು ಅಂತ ನೋಡುವುದಿಲ್ಲ." ಎರಡು ಚುಕ್ಕಿ, ಒಂದು ಗೀಟು, ಎಲ್ಲ ವಿವರಿಸಿದೆ. ಇಬ್ಬರು ಗಡಿಯಾರ ನೋಡಿಕೊಂಡರು.

"ಪರಿಹಾರ?" ಸೆಕ್ರೆಟರಿ ಕೇಳಿದರು.

"ಯಾರು ಎಲ್ಲಿ ಇಳಿದರು ಅಂತ ಒಬ್ಬರು ಹಿಂದೆಯೇ ಹೋಗಿ ನೋಡಬೇಕು."

"ಇರುವವನು ಒಬ್ಬನೇ ಕಾವಲುಗಾರ. ಬೇರೆ?"

ಹಿಂದಿನ ಸಾಲಿನಿಂದ ವಯಸ್ಸಾದ ಹೆಂಗಸೊಬ್ಬರು ಅಂದರು: "ಇವರು ಇನ್ನೊಂದು ಮದುವೆ ಮಾಡಿಕೊಂಡರೆ ಇಂಟರ್‌ಕಾಮ್ ಎತ್ತೋಕೆ ಒಬ್ಬರಾಗ್ತಾರೆ." ನಾಲ್ಕು ಜನ ಕೈಯೆತ್ತಿದರು. ಸೆಕ್ರೆಟರಿ ಅದನ್ನು ಸಭೆಯ ನಿರ್ಣಯ ಪುಸ್ತಕದಲ್ಲಿ ಬರೆದುಕೊಂಡು, ಮುಂದಿನ ವಿಷಯ ನೀರಿನ ಟ್ಯಾಂಕು ಅಂದರು.

೬. ಮೇಲೆ ಹತ್ತಿ, ಆಚೆ ಇಳಿದು

ಆ ಸಭೆಯಿಂದ ಬಂದು, ಪುಣೆಗೆ ವಾಪಸ್ ಬರುತ್ತೇನೆ ಅಂತ ಮೇಲ್ ಬರೆದಿಟ್ಟೆ. ಕಳಿಸಲಿಲ್ಲ. ಗಡುವಿನ ದಿನ ಕಳಿಸಿದರಾಯಿತು ಅಂತ ಇದ್ದೆ.

ಸಂಕ್ರಾಂತಿಗೆ ಎರಡು ದಿನ ಮುಂಚೆ, ಆಫೀಸಿನಲ್ಲಿ ಪಕ್ಕದ ಸೀಟಿನ ಸಹೋದ್ಯೋಗಿ ಗಾಳಿಪಟದ ಹಬ್ಬಕ್ಕೆ ಮನೆಗೆ ಕರೆದ. ಕರೆದದ್ದು ಎಲ್ಲರನ್ನೂ, ಕರೆಯುವಾಗ ನಾನೂ ಅಲ್ಲಿದ್ದೆ. ಇರಲಿ. ಸಂಕ್ರಾಂತಿಯ ಬೆಳಿಗ್ಗೆ, ಅಕ್ಕ ಗದಗಿನಿಂದ ಕಳಿಸಿದ್ದ ಎಳ್ಳುಬೆಲ್ಲದ ಡಬ್ಬಿ ಹಿಡಿದು ಹೊರಟೆ.

ಅವನ ಮನೆ ಹಳೆಯ ಊರಿನ ಒಂದು ಪೋಳಿನಲ್ಲಿ. ಪೋಳ್ ಅಂದರೆ ಒಂದೇ ಹೆಬ್ಬಾಗಿಲಿನ ಕೇರಿ. ಮನೆಗಳೆಲ್ಲ ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತಿವೆ. ತಾರಸಿಗಳ ನಡುವೆ ಮೊಣಕಾಲೆತ್ತರದ ಗೋಡೆ ಅಷ್ಟೆ. ಹಬ್ಬದ ದಿನ ಇಡೀ ಕೇರಿ ತಾರಸಿಯ ಮೇಲಿರುತ್ತದೆ. ನನಗೆ ಗಾಳಿಪಟ ಹಾರಿಸಲು ಬರುವುದಿಲ್ಲ. ಪ್ಯಾರಪೆಟ್ಟಿನ ಪಕ್ಕ ಡಬ್ಬಿ ಹಿಡಿದು ನಿಂತಿದ್ದವನ ಕೈಗೆ ಆಚೆ ತಾರಸಿಯವನೊಬ್ಬ ದಾರದ ಉರುಳೆ ತುರುಕಿ, "ಹಿಡೀರಿ ಕಾಕಾ, ಹಿಡೀರಿ!" ಅಂದ. ಹಿಡಿದೆ. ಅವನು ಓಡಿದ ಕಡೆ ನಾನೂ ಓಡಬೇಕು. ಅವನದು ಮುಗಿಯುವಷ್ಟರಲ್ಲಿ ಅದರ ಆಚೆಯವನು ಕರೆದ. ಹೀಗೆ ಕರೆದವರ ಹಿಂದೆ ಹೋಗುತ್ತ ಎಷ್ಟು ಗೋಡೆ ದಾಟಿದೆನೋ ಗೊತ್ತಾಗಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಹೊಟ್ಟೆ ತಾಳ ಹಾಕತೊಡಗಿತು. ಎದುರಿಗಿದ್ದ ಮರದ ಮೆಟ್ಟಿಲು ಇಳಿದೆ.

ಕೆಳಗೆ ಅಡುಗೆಮನೆ. ಒಬ್ಬ ಅಜ್ಜಿ ಹಸಿ ತೊಗರಿಕಾಯಿಯ ದೊಡ್ಡ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದರು. ನನ್ನನ್ನು ಒಮ್ಮೆ ನೋಡಿ, ತಟ್ಟೆ ಎಳೆದು, ಪೂರಿ, ಜಿಲೇಬಿ, ಚಳಿಗಾಲದ ತರಕಾರಿಗಳೆಲ್ಲ ಒಟ್ಟಿಗೆ ಬೆಂದ ಉಂಧಿಯು ಬಡಿಸಿದರು. ಎಳ್ಳುಬೆಲ್ಲ ಕೊಟ್ಟೆ. ಬಾಯಿಗೆ ಹಾಕಿಕೊಂಡು, ಚೆನ್ನಾಗಿದೆ ಅಂತ ತಲೆಯಾಡಿಸಿ, "ತಿನ್ನು ದೀಕ್ರಾ," ಅಂದರು. ದೀಕ್ರಾ ಅಂದರೆ ಮಗನೇ ಅಂತ. ಅಷ್ಟರಲ್ಲಿ ದಪ್ಪ ಮೀಸೆಯ ಮನುಷ್ಯನೊಬ್ಬ ನೀರಿಗೆಂದು ದಡದಡ ಇಳಿದು ಬಂದ. "ಅರೇ, ಜಿಲೇಬಿ ಒಂದೇ ಹಾಕಿದ್ದಾರಾ!" ಅಂತ ಇನ್ನೊಂದನ್ನು ನನ್ನ ಬಾಯಿಗೇ ತುರುಕಿ ಮೇಲೆ ಓಡಿದ. ನನ್ನ ಸಹೋದ್ಯೋಗಿಯ ಮನೆಯವರು ಎಷ್ಟು ಒಳ್ಳೆಯವರು ಅಂದುಕೊಂಡೆ.

ಉಂಡು ಸುಮ್ಮನೆ ಕೂರೋಕಾಗಲಿಲ್ಲ. ನಮ್ಮದೂ ತೊಗರಿ ಬೆಳೆಯುವ ಸೀಮೆ. ಕೈ ತಾನಾಗಿ ಬುಟ್ಟಿಗೆ ಹೋಯಿತು. ಇಬ್ಬರೂ ಸುಲಿಯುತ್ತ ಕೂತೆವು. ಅಜ್ಜಿ ಗುಜರಾತಿಯಲ್ಲಿ ಮೊಣಕಾಲು ನೋವಿನ ಬಗ್ಗೆ, ಸೊಸೆಯ ಬಗ್ಗೆ ಹೇಳಿದರು. ಕಾಲುಭಾಗ ಅರ್ಥವಾಯಿತು. ನಾನು ಹಿಂದಿಯಲ್ಲಿ ಹೆಂಡತಿಯ ಬಗ್ಗೆ ಹೇಳಿದೆ. ನಾನು ಸುಲಿಯುತ್ತ ಅರ್ಧ ಕಾಳು ತಿಂದುಬಿಡುತ್ತೇನೆ ಅಂತ ಅವಳು ನನ್ನನ್ನು ಬುಟ್ಟಿಯ ಹತ್ತಿರ ಬಿಡುತ್ತಿರಲಿಲ್ಲ, ಕಾಳು ಎಣಿಸಿಕೊಡ್ರಿ ಅನ್ನುತ್ತಿದ್ದಳು ಅಂದೆ. ಅಜ್ಜಿ ನಕ್ಕರು. ನಾನೂ ನಕ್ಕೆ. ಮೂರು ವರ್ಷದಲ್ಲಿ ಅವಳ ಮಾತನ್ನು ನಗುತ್ತ ಆಡಿದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಅಜ್ಜಿ ಇನ್ನೊಂದು ಹಿಡಿ ಕಾಯಿ ನನ್ನ ಮುಂದೆ ಸುರಿದರು.

ಫೋನು ಹೊಡೆದುಕೊಂಡಿತು. ಸಹೋದ್ಯೋಗಿ.

"ಸರ್, ಎಲ್ಲಿದ್ದೀರಿ? ಊಟಕ್ಕೆ ಕಾಯ್ತಾ ಇದ್ದೀವಿ."

"ನನ್ನದಾಯಿತಲ್ಲ. ನಿಮ್ಮ ಅಡುಗೆಮನೆಯಲ್ಲೇ ಇದ್ದೇನೆ."

"ನಮ್ಮ ಅಡುಗೆಮನೆಯಲ್ಲಿ ನಾನಿದ್ದೀನಿ ಸರ್."

ಕೈಯಲ್ಲಿದ್ದ ತೊಗರಿಕಾಯಿ ಹಾಗೇ ನಿಂತಿತು. ಒಂದು ಮನೆಯಲ್ಲಿ ಮೇಲೆ ಹತ್ತಿದ್ದೆ, ಪಕ್ಕಕ್ಕೆ ದಾಟಿದ್ದೆ, ಇನ್ನೊಂದು ಮನೆಯೊಳಗೆ ಇಳಿದಿದ್ದೆ. ಇಪ್ಪತ್ತು ವರ್ಷದಿಂದ ಊರಿಗೆಲ್ಲ ಯಾವ ತೂತಿನ ಬಗ್ಗೆ ಭಾಷಣ ಮಾಡುತ್ತಿದ್ದೆನೋ ಅದರಲ್ಲೇ ತೂರಿಕೊಂಡು ಬಂದು, ಮೂರು ಪೂರಿ, ಎರಡು ಜಿಲೇಬಿ ತಿಂದು ಕೂತಿದ್ದೆ.

ಎದ್ದು ಕೈಮುಗಿದೆ. "ತಪ್ಪಾಯಿತಮ್ಮಾ. ನಾನು ಈ ಮನೆಯವನಲ್ಲ."

"ಗೊತ್ತು," ಅಂದರು ಅಜ್ಜಿ, ಕೈ ನಿಲ್ಲಿಸದೆ.

"ಗೊತ್ತಿತ್ತಾ? ಯಾವಾಗಿನಿಂದ?"

"ನೀನು ತೊಗರಿ ಸುಲಿಯೋಕೆ ಕೂತಾಗಲೇ. ನಮ್ಮ ಮನೆ ಗಂಡಸರು ಯಾರಾದರೂ ಹೇಳದೆ ಕೆಲಸ ಮಾಡ್ತಾರಾ?"

"ಮತ್ತೆ ಯಾಕೆ ಹೇಳಲಿಲ್ಲ?"

ಅಜ್ಜಿ ಬುಟ್ಟಿ ತೋರಿಸಿದರು. "ಇನ್ನೂ ಅರ್ಧ ಬಾಕಿ ಇತ್ತಲ್ಲ. ಕೂತ್ಕೋ. ನಾಳೆ ಕಚೋರಿಗೆ ಇನ್ನೊಂದು ಬುಟ್ಟಿ ಬರುತ್ತೆ. ಹತ್ತು ಗಂಟೆಗೆ ಬಾ."

ಮರುದಿನ ಗಡುವು. ಬೆಳಿಗ್ಗೆ ಬರೆದಿಟ್ಟಿದ್ದ ಮೇಲ್ ಅಳಿಸಿ, ಇಲ್ಲೇ ಇರುತ್ತೇನೆ ಅಂತ ಒಂದೇ ಸಾಲು ಬರೆದು ಕಳಿಸಿದೆ. ಅಕ್ಕನಿಗೆ ಫೋನ್ ಮಾಡಿದೆ. "ಯಾಕಪಾ? ಅಲ್ಲೆ ಯಾರ್ ಸಿಕ್ಕರು?" ಅಂತ ಕೇಳಿದಳು. ಬುಟ್ಟಿ ಸುಲಿಯೋದದ, ಆಮೇಲೆ ಮಾಡ್ತೀನಿ ಅಂತ ಇಟ್ಟೆ.

ಹತ್ತು ಗಂಟೆಗೆ ಸರಿಯಾಗಿ, ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಮರ್ಯಾದಸ್ಥನ ಹಾಗೆ ಅವರ ಮುಂಬಾಗಿಲು ತಟ್ಟಿದೆ. ನಿನ್ನೆ ಬಾಯಿಗೆ ಜಿಲೇಬಿ ತುರುಕಿದ್ದ ಅದೇ ಮೀಸೆಯ ಮನುಷ್ಯ ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದು, ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದ. ಯಾರು, ಯಾವ ಊರು, ಯಾರು ಬೇಕಿತ್ತು, ಯಾರು ಕಳಿಸಿದ್ದು, ಆಧಾರ್ ಕಾರ್ಡ್ ಇದೆಯಾ ಅಂತ ಕೇಳಿದ. ತಾರಸಿಯಿಂದ ಬಂದವನಿಗೆ ಜಿಲೇಬಿ, ಬಾಗಿಲಿನಿಂದ ಬಂದವನಿಗೆ ವಿಚಾರಣೆ.

"ತೊಗರಿ ಸುಲಿಯೋಕೆ ಬಂದಿದ್ದೇನೆ," ಅಂದೆ.

ಬಾಗಿಲು ಪೂರ್ತಿ ತೆರೆಯಿತು.